ಅದಿರು ಟ್ರಿಪ್ಪೋ, ಅಕ್ಕಿ ಲೋಡೋ?

ಇದನ್ನು ಲಾರಿಗೆ ಬಾಡಿ ಕಟ್ಟಿಸೋ ಮೊದಲೇ ತೀರ್ಮಾನಿಸಿ. ಅದಿರಿಗೆ ಟಿಪ್ಪರ್ ಬೇಕು. ಅಕ್ಕಿಗೆ ಮಾಮೂಲಿ ಬಾಡಿ, ಹರಿಯದ ತಾಡಪತ್ರಿ ಸಾಕು.

ಸಂಡೂರಿನ ಗಣಿಯಿಂದ ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಗೆ ಅದಿರು ಹೊಡೆದರೆ ರಾತ್ರಿ ಮನೆ ಊಟ. ಬಾಡಿಗೆ ಟನ್ ಲೆಕ್ಕ. ಆದರೆ ದುಡಿಮೆ ನಿಂತಿರೋದು ದಿನಕ್ಕೆ ಎಷ್ಟು ಟ್ರಿಪ್ ಆಯ್ತು ಅನ್ನೋದರ ಮೇಲೆ. ಪರ್ಮಿಟ್ಟಿಗೊಂದು ಕ್ಯೂ, ಲಾರಿ ತೂಗೋ ವೇಬ್ರಿಡ್ಜಿಗೊಂದು ಕ್ಯೂ, ವಾಪಸ್ ಖಾಲಿ. ‘ಇನ್ನೈದು ಟನ್ ಹಾಕ್ಕೊಳ್ಳಣ್ಣ’ ಅಂದರೆ ಒಪ್ಪಬೇಡಿ. ಓವರ್‌ಲೋಡಿಗೆ ದಂಡ 20,000, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಐದು ಟನ್ನಿಗೆ 30,000 ಆಯ್ತಲ್ವಾ?

ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ಲೋಡ್ ಬೇರೆ ಥರ. ಬೆಂಗಳೂರಿಗೆ ಹೋಗಿ ಬರೋದು ಸುಮಾರು 700 ಕಿ.ಮೀ. ಲೀಟರಿಗೆ 4 ಕಿ.ಮೀ. ಕೊಟ್ಟರೆ 175 ಲೀಟರ್ ಡೀಸೆಲ್. ಲೀಟರ್ 90 ರೂಪಾಯಿ ಅಂತ ಹಿಡಿದರೂ 15,750. ಬಾಡಿಗೆ 24,000 ಅಂದುಕೊಳ್ಳಿ. ಉಳಿದ 8,250ರಲ್ಲೇ ಟೋಲ್, ಡ್ರೈವರ್ ಭತ್ಯೆ, ಬ್ರೋಕರ್ ಕಮಿಷನ್, ಹಮಾಲಿ, ಕಂತು. ವಾಪಸ್ ಲೋಡ್ ಇಲ್ಲದಿದ್ದರೆ ಸುಮ್ನೆ ಓಡಿಸಿದ ಹಾಗೆ. ಹಾಗಾಗಿ ಹೊರಡೋ ಮುಂಚೆನೇ ಬೆಂಗಳೂರಿನ ಲೋಡ್ ಬ್ರೋಕರಿಗೆ ಫೋನ್ ಮಾಡಿ. ಅಡ್ವಾನ್ಸ್ ಎಷ್ಟು, ಬ್ಯಾಲೆನ್ಸ್ ಯಾವಾಗ, ಅನ್‌ಲೋಡ್ ತಡವಾದರೆ ಹಾಲ್ಟಿಂಗ್ (ಗಾಡಿ ಕಾಯಿಸಿದ್ದಕ್ಕೆ ದುಡ್ಡು) ಎಷ್ಟು, ಎಲ್ಲಾ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಾನು ಬಾಯಿಮಾತು ನಂಬಿ ಎರಡು ತಿಂಗಳು ಬ್ಯಾಲೆನ್ಸಿಗೆ ಅಲೆದಿದ್ದೇನೆ.

ಆ್ಯಪ್‌ಗಳಿವೆ, ವಾಪಸ್ ಲೋಡಿಗೆ ನೋಡಬಹುದು.

ಒಂದೇ ಗಾಡಿ, ಕಂತು ತಲೆ ಮೇಲಿದೆ ಅಂದರೆ ನನ್ನ ಓಟು ಅಕ್ಕಿಗೆ. ಅದಿರು ನಿಂತ ದಿನ ಟಿಪ್ಪರಿಗೆ ಮಣ್ಣು, ಜಲ್ಲಿ ಬಿಟ್ಟರೆ ಕೆಲಸ ಕಡಿಮೆ. ಮಾಮೂಲಿ ಬಾಡಿ ಇದ್ದರೆ ಹತ್ತಿ, ಮೆಣಸಿನಕಾಯಿ, ಸಿಮೆಂಟ್ ಏನಾದರೂ ಸಿಗುತ್ತೆ.