ಅಸ್ತ್ರ ಒಲೆಯೋ, ತಗಡಿನ ಒಲೆಯೋ?

ವಿಜಯಪುರ, ಬಾಗಲಕೋಟೆ ಕಡೆ ಹೊಸ ಕಟ್ಟಿಗೆ ಒಲೆ ಹಾಕುವವರು ಮೊದಲು ನೋಡಬೇಕಾದದ್ದು ರೊಟ್ಟಿ. ದಿನಕ್ಕೆ ಇಪ್ಪತ್ತು-ಮೂವತ್ತು ಜೋಳದ ರೊಟ್ಟಿ ಬಡಿಯುವ ಮನೆಗೆ ಕಟ್ಟಿದ ಒಲೆಯೇ ಸರಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಅಂಥದ್ದೇ ಮಣ್ಣಿನ ಒಲೆ. ಅದರಲ್ಲಿ ಕಟ್ಟಿಗೆ ಜಾಳಿಗೆಯ ಮೇಲೆ ಉರಿಯುತ್ತದೆ, ಹೊಗೆ ಕೊಳವೆಯಿಂದ ಹೊರಹೋಗುತ್ತದೆ. ಹಂಚು ಮುಂದಿನ ಕುಳಿಗೆ, ಬೇಳೆ ಹಿಂದಿನದಕ್ಕೆ. ಪಾತ್ರೆ ಕುಳಿಗೆ ಬಿಗಿಯಾಗಿ ಕೂರಲೇಬೇಕು. ಸಂದು ಬಿಟ್ಟರೆ ಕೊಳವೆ ಎಳೆಯುವುದಿಲ್ಲ, ಹೊಗೆ ಅಡುಗೆಮನೆಗೇ ಬರುತ್ತದೆ.

ಕಟ್ಟಲು ಬರೀ ಎರೆಮಣ್ಣು ಬೇಡ. ಒಣಗುವಾಗ ಅದು ಕುಗ್ಗಿ ಸೀಳುತ್ತದೆ. ಹುತ್ತದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಹುಲ್ಲು, ಸಗಣಿ ಕಲಸಿ. ನೆರಳಲ್ಲಿ ಎರಡು ವಾರ ಒಣಗಲಿ. ಆಮೇಲೆ ಮೂರು ದಿನ, ಅರ್ಧ ತಾಸಿನಂತೆ ತೊಗರಿ ಕಟ್ಟಿಗೆಯ ಸಣ್ಣ ಉರಿ. ಅವಸರಕ್ಕೆ ಜೋರು ಉರಿ ಹಾಕಿದರೆ ಒಳಗಿನ ತೇವ ಆವಿಯಾಗಿ ಗೋಡೆ ಬಿರಿಯುತ್ತದೆ.

ತಗಡಿನ ಒಲೆ ಅದೇ ದಿನ ತಯಾರು. ಮೊದಲ ಉರಿ ಅಂಗಳದಲ್ಲೇ ಆಗಲಿ, ಬಣ್ಣ-ಎಣ್ಣೆ ಸುಟ್ಟು ವಾಸನೆ ಹೋಗಲಿ. ಹೆಬ್ಬೆರಳು ದಪ್ಪದ ಒಣ ಜಾಲಿ ಕಟ್ಟಿಗೆ ಮೂರು-ನಾಲ್ಕು ಸಾಕು. ತುರುಕಿದರೆ ಗಾಳಿ ಕಟ್ಟಿ ಹೊಗೆ. ಕುಳ್ಳು ಇದಕ್ಕೆ ಒಗ್ಗದು, ಬೂದಿ ಬೇಗ ತುಂಬುತ್ತದೆ. ಕೆಂಡದ ಮುಂದೆ ರೊಟ್ಟಿ ನಿಲ್ಲಿಸಿ ಉಬ್ಬಿಸಲು ಬಾಯಿಯಲ್ಲಿ ಜಾಗವಿಲ್ಲ, ಇದೇ ದೊಡ್ಡ ಕೊರತೆ. ಕೊಳವೆಯೂ ಇಲ್ಲದ್ದರಿಂದ ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬೇಡಿ.

ಬಾಡಿಗೆ ಮನೆಯವರಿಗೆ, ಹೊಲದ ಶೆಡ್ಡಿಗೆ ತಗಡಿನದೇ ಅನುಕೂಲ. ಸ್ವಂತ ಮನೆಗೆ ಅಸ್ತ್ರ ಒಲೆ, ಆದರೆ ತಿಂಗಳಿಗೊಮ್ಮೆ ಕೊಳವೆಯ ಮಸಿ ತೆಗೆಯುವವರಿದ್ದರೆ ಮಾತ್ರ.