ಮೋಟಾರ್ ಒಳಗಾ ಹೊರಗಾ, ಬ್ಯಾಟರಿ ಸೀಸದ್ದಾ ಲಿಥಿಯಂದಾ: ಶಹಾಬಾದ್ ಖಣಿಯಲ್ಲಿ ಇಳಿಸಿ ನೋಡಿದ್ದು

ಶಹಾಬಾದ್ ಹತ್ತಿರ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿ ಒಂದಿದೆ, ಮಳೆ ಮುಗಿದ ಮೇಲೆ ಇಪ್ಪತ್ತು ಅಡಿ ನೀರು ನಿಲ್ಲುತ್ತದೆ. ನಮ್ಮ ಒಬ್ಬರೇ ಕೂರುವ ಜಲಾಂತರ್ಗಾಮಿಯನ್ನು ಅಲ್ಲೇ ಇಳಿಸಿ ನೋಡಿದ್ದು. ಒಳಗೆ ಇನ್ನೂ ಯಾರೂ ಕೂತಿಲ್ಲ. ಮನುಷ್ಯನ ಜಾಗದಲ್ಲಿ ಮರಳಿನ ಚೀಲ ಇಟ್ಟು, ಚೈನ್ ಬ್ಲಾಕ್‌ಗೆ ಕಟ್ಟಿಯೇ ಇಳಿಸುತ್ತೇವೆ.

ಮೊದಲು ಇ-ರಿಕ್ಷಾದ 48 ವೋಲ್ಟ್ ಮೋಟಾರ್ ಒಳಗೇ ಕೂರಿಸಿ, ಶಾಫ್ಟ್ ಮಾತ್ರ ಹೊರಗೆ ಬಿಟ್ಟೆವು. ಮೋಟಾರ್ ಕಲಬುರಗಿಯಲ್ಲೇ ಸಿಗುತ್ತದೆ, ಕೆಟ್ಟರೆ ರಿಪೇರಿನೂ ಇಲ್ಲೇ. ಆದರೆ ಶಾಫ್ಟ್ ಹೊರಗೆ ಬರುವ ಜಾಗವೇ ತಲೆನೋವು. ಅಲ್ಲಿ ನೀರು ತಡೆಯಲು ಶಾಫ್ಟ್ ಸುತ್ತ ಬಿಗಿಯುವ ಸೀಲ್, ಅಂದರೆ ಗ್ಲ್ಯಾಂಡ್, ಬಿಗಿ ಮಾಡಿದರೆ ಶಾಫ್ಟ್ ಬಿಸಿಯಾಗಿ ಆಂಪಿಯರ್ ಏರುತ್ತದೆ, ಸಡಿಲ ಬಿಟ್ಟರೆ ಹನಿ ಹನಿಯಾಗಿ ನೀರು ಒಳಗೆ. ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ, ಇಳಿದಷ್ಟೂ ಆ ಹನಿ ಜಾಸ್ತಿನೇ.

ಆಮೇಲೆ ದೋಣಿಗೆ ಹಾಕುವ 12 ವೋಲ್ಟಿನ ಟ್ರೋಲಿಂಗ್ ಮೋಟಾರ್ ತರಿಸಿ ಹೊರಗೇ ಕಟ್ಟಿದೆವು. ಅದನ್ನು ಮಾಡಿರುವುದು ಎರಡು ಮೂರು ಅಡಿ ನೀರಿಗೆ, ಆಳದ ಒತ್ತಡಕ್ಕಲ್ಲ. ದಾರಿ ತೋರಿಸಿದವರು ವೈಂಡಿಂಗ್ ಅಂಗಡಿಯ ಉಸ್ತಾದ್. "ಬೋರ್‌ವೆಲ್ ಮೋಟಾರ್‌ಗೆ ನೀರು ತುಂಬಿಸಿ ಇಳಿಸಲ್ವಾ? ಇದಕ್ಕೆ ಎಣ್ಣೆ ತುಂಬಿಸ್ರಿ" ಅಂದರು. ಖರೇ. ಒಳಗೂ ಹೊರಗೂ ಒತ್ತಡ ಒಂದೇ ಆದರೆ ಸೀಲ್ ಮೇಲೆ ಭಾರವೇ ಬೀಳಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿ, ಒತ್ತಡ ಸರಿದೂಗಲಿ ಅಂತ ಸೈಕಲ್ ಟ್ಯೂಬಿನ ತುಂಡು ಕಟ್ಟಿದೆ. ಕೆಲವೇ ದಿನಕ್ಕೆ ಟ್ಯೂಬ್ ಎಣ್ಣೆ ಕುಡಿದು ಉಬ್ಬಿ, ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಈಗ ನೈಟ್ರೈಲ್ ರಬ್ಬರ್ ಇದೆ, ಹಾಗೇ ನಿಂತಿದೆ. ನಷ್ಟ ಇಲ್ಲ ಅಂತಲ್ಲ. ಎಣ್ಣೆಯಲ್ಲಿ ತಿರುಗುವುದಕ್ಕೆ ಕರೆಂಟ್ ಸ್ವಲ್ಪ ಜಾಸ್ತಿ ಬೇಕು, ಬ್ರಷ್‌ನ ಕಾರ್ಬನ್ ಉದುರಿ ಎಣ್ಣೆ ಕಾಡಿಗೆಯಂತೆ ಕಪ್ಪಾಗುತ್ತದೆ, ಆಗಾಗ ಬದಲಿಸಬೇಕು. ಆದರೂ ನನ್ನ ಓಟು ಹೊರಗಿನ ಮೋಟಾರ್‌ಗೇ. ಶಕ್ತಿ ಕಮ್ಮಿ ಅನ್ನುವವರಿಗೆ ಒಂದು ಮಾತು: ನೀರಲ್ಲಿ ಎರಡು ಪಟ್ಟು ವೇಗ ಬೇಕಂದರೆ ಸುಮಾರು ಎಂಟು ಪಟ್ಟು ಶಕ್ತಿ ಸುರಿಯಬೇಕು. ನಿಧಾನ ಹೋಗುವುದೇ ಲಾಭ.

ಬ್ಯಾಟರಿ ವಿಷಯದಲ್ಲಿ ನಾನು ಅಂದುಕೊಂಡಿದ್ದೇ ತಪ್ಪು. 150 ಆಂಪಿಯರ್ ಅವರ್‌ನ ಎರಡು ಇನ್ವರ್ಟರ್ ಬ್ಯಾಟರಿ ಸೇರಿ 110 ಕೆಜಿ ಇದ್ದವು. ಅವನ್ನು ತೆಗೆದು 100ರ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ, ಬರೀ 25 ಕೆಜಿ. ಖುಷಿಯಾಯಿತು. ನೀರಿಗೆ ಇಳಿಸಿದರೆ ಮುಳುಗಲೇ ಇಲ್ಲ! ಸಾವಿರ ಲೀಟರ್ ನೀರು ಸರಿಸುವ ಡಬ್ಬಿ ಮುಳುಗಬೇಕಾದರೆ ಸಾವಿರ ಕೆಜಿ ತೂಗಲೇಬೇಕು, ಅಲ್ವಾ? ಉಳಿಸಿದ 85 ಕೆಜಿಗೆ ಕಬ್ಬಿಣ ತಂದು ತಳದಲ್ಲಿ ಇಟ್ಟೆವು. ದುಡ್ಡು ಕೊಟ್ಟು ಕಳೆದ ತೂಕವನ್ನು ಮತ್ತೆ ದುಡ್ಡು ಕೊಟ್ಟು ತಂದಂತಾಯಿತು.

ಓಟದಲ್ಲಿ ಲಿಥಿಯಂ ಮುಂದು, ಅದು ನಿಜ. ಸೀಸದ 150 ಅನ್ನುವ ಲೆಕ್ಕ ಇಪ್ಪತ್ತು ತಾಸು ನಿಧಾನ ಎಳೆದಾಗಿನದು, 50 ಆಂಪಿಯರ್ ಎಳೆದರೆ ಒಂದು ಬ್ಯಾಟರಿ ಎರಡು ತಾಸೂ ಬರಲಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಆಯಸ್ಸೂ ಕಮ್ಮಿ. ಆದರೆ ಸೀಸ ಸಾಯುವ ಮೊದಲು ಹೇಳುತ್ತದೆ, ನೀರು ತಳ್ಳುವ ಫ್ಯಾನಿನ ಸದ್ದು ಇಳಿಯುತ್ತಾ ಬರುತ್ತದೆ. ಲಿಥಿಯಂನ ಒಳಗೆ ಬ್ಯಾಟರಿ ಕಾಯುವ ಬೋರ್ಡ್ ನೀರಿನ ನಡುವೆ ಪಟ್ಟನೆ ಕರೆಂಟ್ ಕಡಿದುಬಿಟ್ಟಿತು, ಚೈನ್ ಎಳೆದು ಮೇಲೆ ತಂದೆವು. ಒಳಗೆ ಮನುಷ್ಯ ಇದ್ದಿದ್ದರೆ?

ಈಗ ಹಾಕಿರುವುದು ಸೀಲ್ ಆದ ಸೀಸದ ಬ್ಯಾಟರಿ, ತಳದಲ್ಲೇ. ನೀರು ಹಾಕುವ ಟ್ಯೂಬ್ಯುಲರ್ ಬೇಡವೇ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಸೀಲ್ ಆದದ್ದೂ ಓವರ್ ಚಾರ್ಜ್ ಆದರೆ ಬಿಡುತ್ತದೆ. ಅದಕ್ಕೇ ಮುಚ್ಚಳ ಪೂರ್ತಿ ತೆಗೆದು, ದಂಡೆಯ ಮೇಲೆ ಇಟ್ಟೇ ಚಾರ್ಜ್ ಮಾಡುತ್ತೇವೆ.