ಗದ್ದದ ಕುರು ವಾಸಿಯಾಗುತ್ತಿಲ್ಲವೇ? ಒಮ್ಮೆ ಹಲ್ಲು ತೋರಿಸಿ

ಹನ್ನೊಂದು ತಿಂಗಳು ಗದ್ದಕ್ಕೆ ಪ್ಲಾಸ್ಟರ್ ಅಂಟಿಸಿಕೊಂಡು ಓಡಾಡಿದೆ. ಮೂವರು ಡಾಕ್ಟರಿಗೆ ತೋರಿಸಿದೆ. ಒಬ್ಬರೂ ಬಾಯಿ ತೆರೆಯಿರಿ ಅನ್ನಲಿಲ್ಲ. ತೊಂದರೆ ಇದ್ದದ್ದು ಹಲ್ಲಿನಲ್ಲಿ.

ಶುರುವಾಗಿದ್ದು ಕಡಲೆಕಾಳಿನಷ್ಟು ಕೆಂಪು ಕುರುವಿನಿಂದ. ಶೇವ್ ಮಾಡುವಾಗ ಏನೋ ಆಗಿರಬೇಕು ಅಂತ ಸುಮ್ಮನಿದ್ದೆ. ವಾರದಲ್ಲಿ ಒಡೆದು ಕೀವು ಬಂತು. ಊರಿನ ಎಂಬಿಬಿಎಸ್ ಡಾಕ್ಟರು ಐದು ದಿನದ ಆಂಟಿಬಯೋಟಿಕ್ ಕೊಟ್ಟರು, ಒಣಗಿತು. ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಕೀವು. ಮತ್ತೆ ಮಾತ್ರೆ, ಮತ್ತೆ ಒಣಗಿತು, ಮತ್ತೆ ಬಂತು.

ಆಮೇಲೆ ಚರ್ಮದ ಡಾಕ್ಟರು. ಮುಲಾಮು ಹಚ್ಚಿದ್ದಾಯಿತು, ಶುಗರ್ ಟೆಸ್ಟ್ ಆಯಿತು, ಗಡ್ಡ ಬೋಳಿಸಬೇಡಿ ಅಂದಿದ್ದಕ್ಕೆ ಗಡ್ಡವೂ ಬೆಳೆಯಿತು. ಕೊನೆಗೆ ಒಬ್ಬ ಸರ್ಜನ್ ಅದನ್ನು ಗಂಟು ಅಂತ ಕೊಯ್ದು ತೆಗೆದು ಮೂರು ಹೊಲಿಗೆ ಹಾಕಿದರು. ತುಂಡನ್ನು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರೂ ಆ ರೋಗದ ಹೆಸರು ಎತ್ತಲಿಲ್ಲ, ಆದರೆ ಅಮ್ಮ ದಿನಾ ಎರಡು ಸಲ ದೀಪ ಹಚ್ಚತೊಡಗಿದರು. ರಿಪೋರ್ಟಿನಲ್ಲಿ ಹಳೆಯ ಸೋಂಕು ಅಂತಷ್ಟೇ ಇತ್ತು. ಟಿಬಿ ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಹೊಲಿಗೆ ಬಿಚ್ಚಿ ತಿಂಗಳಾಗಿರಲಿಲ್ಲ, ಅದರ ಗೆರೆಯ ಮೇಲೇ ಮತ್ತೆ ತೂತು.

ಮಗಳ ಹಾಲುಹಲ್ಲು ಕೀಳಿಸಲು ಹೋದಾಗ ವಿಷಯ ಬಯಲಾಯಿತು. ಹಲ್ಲಿನ ಡಾಕ್ಟರಮ್ಮ ಅವಳನ್ನು ನೋಡಿ ಮುಗಿಸಿ ನನ್ನ ಕಡೆ ತಿರುಗಿದರು.

"ಗದ್ದಕ್ಕೆ ಏನಾಗಿದೆ ಸರ್?"

"ಏನೋ ಕುರು ಮೇಡಂ. ವಾಸಿನೇ ಆಗ್ತಿಲ್ಲ."

"ಚಿಕ್ಕವರಿದ್ದಾಗ ಅಲ್ಲಿ ಪೆಟ್ಟು ಬಿದ್ದಿತ್ತಾ?"

ಬಿದ್ದಿತ್ತು. ಆರನೇ ಕ್ಲಾಸಿನಲ್ಲಿ ಶಾಲೆಯ ಬೋರ್‌ವೆಲ್ ಕೈಪಂಪಿನ ಹಿಡಿ ಕೈಜಾರಿ ಮೇಲಕ್ಕೆ ಹಾರಿ ಗದ್ದಕ್ಕೆ ಬಡಿದಿತ್ತು. ಹಲ್ಲು ಬೀಳಲಿಲ್ಲ, ಎರಡು ದಿನ ಅಲುಗಾಡಿ ಗಟ್ಟಿಯಾಯಿತು. ಮರೆತೇಬಿಟ್ಟಿದ್ದೆ.

ಅವರು ಕೆಳಗಿನ ಮುಂದಿನ ಹಲ್ಲುಗಳಿಗೆ ಒಂದೊಂದಾಗಿ ತಣ್ಣನೆಯದನ್ನು ಮುಟ್ಟಿಸಿದರು. ಎಲ್ಲ ಜುಮ್ಮೆಂದವು, ಒಂದು ಮಾತ್ರ ಕಲ್ಲಿನ ಹಾಗಿತ್ತು. ಅದರ ಬಣ್ಣವೂ ಸ್ವಲ್ಪ ಮಂಕು. ಆಮೇಲೆ ಮಾಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಗುಲಾಬಿ ಬಣ್ಣದ ತೆಳ್ಳಗಿನ ಬಳುಕುವ ಕಡ್ಡಿಯೊಂದನ್ನು ಗದ್ದದ ತೂತಿನೊಳಗೆ ಮೆಲ್ಲಗೆ ತೂರಿಸಿ, ಅದು ಒಳಗಿರುವಾಗಲೇ ಎಕ್ಸ್‌ರೇ ತೆಗೆದರು. ಅದಕ್ಕೆ ಗಟ್ಟಾಪರ್ಚಾ ಅಂತ ಹೆಸರು, ರೂಟ್ ಕೆನಾಲ್‌ನಲ್ಲಿ, ಅಂದರೆ ಸೋಂಕಾದ ಹಲ್ಲಿನ ಒಳಗನ್ನು ಸ್ವಚ್ಛ ಮಾಡಿದ ಮೇಲೆ, ಬೇರಿನ ಟೊಳ್ಳು ತುಂಬಲು ಬಳಸುವುದೂ ಅದನ್ನೇ. ಚಿತ್ರದಲ್ಲಿ ಕಡ್ಡಿ ನೇರವಾಗಿ ಆ ಹಲ್ಲಿನ ಬೇರಿನ ತುದಿಗೆ ಹೋಗಿ ನಿಂತಿತ್ತು. ಬೇರಿನ ಸುತ್ತ ಮೂಳೆ ಕರಗಿ ಒಂದು ಕಪ್ಪು ಮಚ್ಚೆ.

ಕೈಪಂಪಿನ ಆ ಪೆಟ್ಟಿನಿಂದ ಹಲ್ಲಿನ ಒಳಗಿನ ನರ, ರಕ್ತನಾಳ ಎಲ್ಲ ಸತ್ತಿದ್ದವು. ಸತ್ತ ಜಾಗದಲ್ಲಿ ಸೋಂಕು ಕೂತು, ಕೀವು ದವಡೆಯ ಮೂಳೆ ಕೊರೆದು ಚರ್ಮದಲ್ಲಿ ದಾರಿ ಮಾಡಿಕೊಂಡಿತ್ತು. ಕೀವು ಹೊರಗೆ ಹರಿದುಹೋಗುತ್ತಿದ್ದುದರಿಂದ ಒತ್ತಡವಿಲ್ಲ, ಹಾಗಾಗಿ ನೋವೂ ಇಲ್ಲ. ಎಲ್ಲರೂ ಎಡವಿದ್ದು ಇಲ್ಲೇ. ನಾನೂ ಸೇರಿ. ಹಲ್ಲು ನೋಯದೆ ಹಲ್ಲಿನ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಮಾತ್ರೆ ಏಕೆ ಸೋತಿತು ಅಂತಲೂ ಆಗ ತಿಳಿಯಿತು. ರಕ್ತವೇ ಹರಿಯದ ಹಲ್ಲಿನೊಳಗೆ ರಕ್ತದಲ್ಲಿ ಬರುವ ಔಷಧ ತಲುಪುವುದು ಹೇಗೆ?

ಮೂರು ಸಲ ಹೋಗಿ ರೂಟ್ ಕೆನಾಲ್ ಮುಗಿಸಿದೆ. ಮೊದಲ ಸಲದ ನಂತರವೇ ಕೀವು ನಿಂತಿತು, ಮೂರು ವಾರಕ್ಕೆ ತೂತು ಮುಚ್ಚಿತು. ಗದ್ದದಲ್ಲಿ ಒಂದು ಗುಳಿ ಉಳಿದಿದೆ. ಹೊಲಿಗೆಯ ಗೆರೆಯೂ ಇದೆ, ಅದು ಬೇಕಿರಲಿಲ್ಲ.

ಆ ಮೂವರ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ವಿಚಾರಿಸಿದೆ. ಹಲ್ಲಿನ ಡಾಕ್ಟರಾಗಲು ಬಿಡಿಎಸ್ ಓದುವವರಿಗೆ ಜನರಲ್ ಮೆಡಿಸಿನ್, ಜನರಲ್ ಸರ್ಜರಿ ಎರಡರಲ್ಲೂ ಪರೀಕ್ಷೆ ಪಾಸಾಗಲೇಬೇಕು. ಎಂಬಿಬಿಎಸ್‌ನಲ್ಲಿ ಹಲ್ಲಿಗೆ ಅಂತ ಪ್ರತ್ಯೇಕ ಪರೀಕ್ಷೆಯೇ ಇಲ್ಲ, ಹುಳುಕು, ವಸಡು, ಬಾಯಿ ಕ್ಯಾನ್ಸರ್ ಅಂತ ಒಂದಿಷ್ಟು ಪಾಠ ಬರುತ್ತದೆ, ಅಷ್ಟೇ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹಲ್ಲಿಗೇ ಅಂತ ಬೇರೆ ಕಾಲೇಜು ಶುರುವಾಯಿತು. ನಮ್ಮಲ್ಲೂ 1948ರಲ್ಲಿ ದಂತವೈದ್ಯರಿಗೆ ಬೇರೆ ಕಾಯ್ದೆಯೇ ಬಂತು. ನಮ್ಮ ಬಾಯಿ ಮಾತ್ರ ಮುಖದಲ್ಲೇ ಉಳಿದಿದೆ!

ಆದ್ದರಿಂದ ಗದ್ದ, ದವಡೆ, ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಕುರು ಮತ್ತೆ ಮತ್ತೆ ಬರುತ್ತಿದ್ದರೆ, ಕೊಯ್ಯಿಸುವ ಮುಂಚೆ ಹಲ್ಲಿನ ಎಕ್ಸ್‌ರೇ ಕೇಳಿ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಒಂದೇ ಕಡೆಯ ಮೂಗಿನಲ್ಲಿ ವಾಸನೆಯ ಸಿಂಬಳ ಬಂದು, ಸೈನಸ್ ಔಷಧಿಗೆ ಬಗ್ಗದಿದ್ದರೂ ಮೇಲಿನ ದವಡೆ ಹಲ್ಲು ತೋರಿಸಿ. ಆದರೆ ದವಡೆಯ ಕೆಳಗೆ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟ ಆಗುತ್ತಿದ್ದರೆ ಕ್ಲಿನಿಕ್ ಹುಡುಕುತ್ತಾ ಕೂರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಂತೂ ಸ್ವಲ್ಪವೂ ತಡ ಮಾಡಬಾರದು.

ಎಕ್ಸ್‌ರೇ ತೆಗೆದುಕೊಂಡು ಊರಿನ ಆ ಮೊದಲ ಡಾಕ್ಟರ ಹತ್ತಿರ ಹೋಗಿದ್ದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ ಅನ್ನಿ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದರದ್ದೊಂದು ಫೋಟೋ ತಗೊಳ್ಳಲಾ?" ಅಂದರು.